ಅಟ್ಟೆಯ ಚೂರು

ನಮ್ಮಪ್ಪನ ಗಡಿಯಾರವನ್ನು ಮಕ್ಕಳು ಹೇಗೆ ಹಂಚಿಕೊಂಡರು ಎಂದು ಹೇಳಿದರೆ ಕೇಳಿದವರೆಲ್ಲ ಮೊದಲು ನಗುತ್ತಾರೆ. ನಗಲಿ ಬಿಡಿ, ಆವತ್ತು ನಾನೂ ನಕ್ಕವಳೇ. ಅಣ್ಣ ಪೆಟ್ಟಿಗೆ ಎತ್ತಿಕೊಂಡ. ತಮ್ಮ ಒಳಗಿನ ಯಂತ್ರವನ್ನು ಬಿಚ್ಚಿಕೊಂಡ. ಮಧ್ಯದವಳಾದ ನನ್ನ ಕೈಗೆ ಕೀ ಕೊಡುವ ಚಾವಿ ಬಂತು.

ಇಬ್ಬರಿಗೂ ಒಂದೇ ಹುಚ್ಚು. ಶೆಲ್ಫಿನ ಮೇಲೆ ಇಡುವಂಥ ಹಳೆಯ ಅಮೆರಿಕನ್ ಗಡಿಯಾರಗಳನ್ನು ಕಂಡರೆ ಊಟ ಬಿಟ್ಟು ಓಡುತ್ತಾರೆ. ಅಣ್ಣನಿಗೆ ಕನ್ನಡಕದ ಅಂಗಡಿ. ತಮ್ಮ ಲಿಫ್ಟ್ ಮೆಕ್ಯಾನಿಕ್. ಗಡ್ಡ ನೆರೆತರೂ ಮನೆಯಲ್ಲಿ ಅವನಿನ್ನೂ ಪುಟ್ಟ. ತಲೆಯ ಮೇಲೆ ಎರಡು ಮೊನೆಗೋಪುರ ಹೊತ್ತ ಗಡಿಯಾರ, ಮರಕ್ಕೆ ಕಪ್ಪು ಬಳಿದುಕೊಂಡು ಅಮೃತಶಿಲೆ ಎಂದು ಸೋಗು ಹಾಕುವ ಗಡಿಯಾರ, ಮೈತುಂಬಾ ಬಳ್ಳಿಯ ಅಚ್ಚು ಒತ್ತಿಸಿಕೊಂಡ ಓಕ್ ಮರದ್ದು, ಹೀಗೆ ಇಬ್ಬರ ಮನೆಯಲ್ಲೂ ಕಾಲಿಡಲು ಜಾಗವಿಲ್ಲ. "ಧೂಳು ಒರೆಸೋಕೆ ನಾನು, ಹೊಗಳಿಸಿಕೊಳ್ಳೋಕೆ ಅವು" ಎಂದು ಅತ್ತಿಗೆ ಗೊಣಗುತ್ತಾಳೆ. ಪುಟ್ಟನಿಗಂತೂ ಗೊಣಗುವ ಹೆಂಡತಿಯೂ ಇಲ್ಲ.

ಈ ಹುಚ್ಚು ಹತ್ತಿದ್ದೇ ಅಪ್ಪನ ಗಡಿಯಾರದಿಂದ. ಅಪ್ಪನದು ಬೂಟು ರಿಪೇರಿಯ ಅಂಗಡಿ. ಹೊಲಿಗೆ ಯಂತ್ರದ ಮೇಲಿದ್ದ ಹಲಗೆಯಲ್ಲಿ ಆ ಓಕ್ ಮರದ ಗಡಿಯಾರ ಕೂತಿರುತ್ತಿತ್ತು. ಬಾಗಿಲಿನ ಗಾಜಿನ ಮೇಲೆ ಚಿನ್ನದ ಬಣ್ಣದ ಹಕ್ಕಿ, ಅದರ ಅರ್ಧ ಬಾಲ ಉದುರಿಹೋಗಿತ್ತು. ಒಳಗೆ ಬೆನ್ನಿಗೆ ಕಂಪನಿಯ ಅಚ್ಚಿನ ಕಾಗದ ಅಂಟಿಸಿತ್ತು. ಕೆಳಗೆ ಉಕ್ಕಿನ ತಂತಿಯ ಸುರುಳಿ. ಯಂತ್ರದಿಂದ ಇಳಿದ ಪುಟ್ಟ ಸುತ್ತಿಗೆ ಆ ಸುರುಳಿಗೆ ಬಡಿದರೆ ಗಂಟೆ ಹೊಡೆದಂತೆ. ಸುತ್ತಿಗೆಯ ಮೂತಿಗಿದ್ದ ಚರ್ಮ ಸವೆದು ಹೋದಾಗ ಅಪ್ಪ ಬೂಟಿನ ಅಟ್ಟೆಯಿಂದ ಒಂದು ಚೂರು ಕೊಯ್ದು ಅಂಟಿಸಿಬಿಟ್ಟ. ಆಮೇಲೆ ಅದರ ಸದ್ದೇ ಬೇರೆಯಾಯಿತು. ಠಣ್ ಎನ್ನುವ ಬದಲು ಢಂ ಎಂದು, ಹಿಂದೆಯೇ ಒಂದಿಷ್ಟು ಕರಕರ ಎಳೆಯುತ್ತಿತ್ತು, ಅಪ್ಪ ಅಂಗಡಿಯೊಳಗಿಂದ ಗಂಟಲು ಸರಿಮಾಡಿಕೊಂಡ ಹಾಗೆ. ನಾವು ಮೂವರೂ ಬೀದಿಯ ಯಾವ ಮೂಲೆಯಲ್ಲಿ ಆಡುತ್ತಿದ್ದರೂ ಆ ಸದ್ದು ಕೇಳಿದರೆ ಮನೆಗೆ ಓಡುತ್ತಿದ್ದೆವು.

ಅಪ್ಪ ಹೋದ ಮೇಲೆ ಅಂಗಡಿ ಖಾಲಿ ಮಾಡುವಾಗ ಜಗಳ ಶುರುವಾಯಿತು.

"ಪೆಟ್ಟಿಗೆನೇ ಗಡಿಯಾರ ಕಣೋ. ಕಂಪನಿ ಕಾಗದ ಅಂಟಿರೋದು ಅದರಲ್ಲಿ" ಎಂದ ಅಣ್ಣ.

"ಓಡೋದು ಯಾವುದು? ಪೆಟ್ಟಿಗೆ ಓಡತ್ತಾ?" ಎಂದ ಪುಟ್ಟ.

"ಹಾಗಾದ್ರೆ ಯಂತ್ರ ನೀನಿಟ್ಕೋ."

"ಪೆಟ್ಟಿಗೆ ನೀನೇ ಇಟ್ಕೋ."

ಅಷ್ಟೇ. ತಾನು ಇವನಿಗೆ ಟೋಪಿ ಹಾಕಿದೆನೆಂದು ಅವನಿಗೂ ಖುಷಿ, ತಾನು ಅವನಿಗೆ ಹಾಕಿದೆನೆಂದು ಇವನಿಗೂ ಖುಷಿ. ಸುತ್ತಿಗೆ ಇರುವುದು ಯಂತ್ರದಲ್ಲಿ, ಸುರುಳಿ ಇರುವುದು ಪೆಟ್ಟಿಗೆಯಲ್ಲಿ ಎನ್ನುವುದು ಆ ಖುಷಿಯಲ್ಲಿ ಇಬ್ಬರು ಮಹಾಜಾಣರಿಗೂ ಹೊಳೆಯಲಿಲ್ಲ. ಅಪ್ಪನ ಸದ್ದು ಯಾರ ಮನೆಗೂ ಹೋಗಲಿಲ್ಲ.

ಅಣ್ಣ ಪೆಟ್ಟಿಗೆಗೆ ಅದೇ ಕಂಪನಿಯ ಬೇರೊಂದು ಯಂತ್ರ ಹುಡುಕಿ ಕೂರಿಸಿದ. ಪುಟ್ಟ ಯಂತ್ರಕ್ಕೆ ಬೇರೊಂದು ಪೆಟ್ಟಿಗೆ ತಂದ. ಪೆಟ್ಟಿಗೆ ಒಂದರದ್ದು, ಯಂತ್ರ ಇನ್ನೊಂದರದ್ದು ಆದರೆ ಇವರ ಪಂಗಡದಲ್ಲಿ ಅದಕ್ಕೆ "ಮದುವೆ ಗಡಿಯಾರ" ಎನ್ನುತ್ತಾರೆ. ಕೇಳಲು ಮುದ್ದಾಗಿದೆ, ಆದರೆ ಅದು ಬೈಗುಳ. ಒಮ್ಮೆ ದೊಡ್ಡ ಹಾಲ್‌ನಲ್ಲಿ ಗಡಿಯಾರಗಳ ಪ್ರದರ್ಶನವಿತ್ತು. ಅಣ್ಣ ಕೋಟು ಹಾಕಿಕೊಂಡು ಅಪ್ಪನ ಪೆಟ್ಟಿಗೆಯ ಪಕ್ಕ ನಿಂತು ಬಂದವರಿಗೆ ವಿವರಿಸುತ್ತಿದ್ದ. ಪುಟ್ಟ ಬಂದ, ಬಾಗಿ ಒಳಗೆ ಇಣುಕಿದ, ಅಷ್ಟು ಜನರೆದುರಿಗೆ ಗಟ್ಟಿಯಾಗಿ ಹೇಳಿದ: "ಇದು ಮದುವೆ ಗಡಿಯಾರ ಕಣ್ರೀ, ಇದರ ಯಂತ್ರ ನಮ್ಮನೇಲಿದೆ."

ಸುಳ್ಳೇನಲ್ಲ. ಆದರೆ ಅಣ್ಣನ ಮುಖ ಸುಟ್ಟ ಹಾಗಾಯಿತು. ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಆಗಲೇ ಹೊರಟುಹೋದ. ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತು. ಪುಟ್ಟ ಒಂದು "ತಪ್ಪಾಯ್ತು" ಎಂದಿದ್ದರೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ, ಇವನು ಕೇಳಲಿಲ್ಲ. ನನ್ನ ಕರ್ಮ, ಅಲ್ಲಿಯ ಸುದ್ದಿ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಹೊತ್ತುಕೊಂಡು ಓಡಾಡುವ ಟಪಾಲಿನವಳಾದೆ.

ನಾನು ಡ್ರೈವಿಂಗ್ ಕಲಿಸುವವಳು. ದಿನವಿಡೀ "ಕ್ಲಚ್ ಬಿಡ್ರೀ, ನಿಧಾನ, ಅಯ್ಯೋ ಎಮ್ಮೆ ಥರ ನುಗ್ಗಬೇಡ್ರೀ" ಎಂದು ಕಿರುಚಿ ಕಿರುಚಿ ನನ್ನ ಗಂಟಲು ಧ್ವನಿವರ್ಧಕದಂತಾಗಿದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದಿನದ್ದು ನನ್ನ ಗಮನಕ್ಕೆ ಬಾರದೇ ಹೋಗಿದ್ದಕ್ಕೆ ನನ್ನ ಈ ಗಂಟಲೂ ಒಂದು ಕಾರಣ.

ಅಣ್ಣನ ಎಡಗಿವಿ ಚಿಕ್ಕಂದಿನ ಜ್ವರದಲ್ಲೇ ಹೋಗಿತ್ತು. ಇದ್ದದ್ದು ಬಲಗಿವಿ ಒಂದೇ. ಆ ಒಂದು ಕಿವಿಯಲ್ಲೇ ಅವನು ಗಡಿಯಾರಗಳ ನಾಡಿ ನೋಡುತ್ತಿದ್ದ. ಈಗ ಆ ಕಿವಿಯ ನರದ ಮೇಲೆ ಗಡ್ಡೆಯೊಂದು ಬೆಳೆದಿದೆ, ತೆಗೆಯದಿದ್ದರೆ ಜೀವಕ್ಕೇ ಅಪಾಯ, ತೆಗೆದರೆ ಕಿವಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಸುದ್ದಿ ತಿಳಿದ ಸಂಜೆ ಪಾಠ ಅರ್ಧಕ್ಕೇ ಬಿಟ್ಟು ಅವನ ಮನೆಗೆ ಓಡಿದೆ. ಅಣ್ಣ ಗಡಿಯಾರಗಳ ನಡುವೆ ಕೂತಿದ್ದ. ಸುತ್ತ ಟಿಕ್‌ಟಿಕ್ ಸಂತೆ. ನನ್ನನ್ನು ನೋಡಿ ಬೆರಳೆತ್ತಿ ಸುಮ್ಮನಿರಿಸಿದ.

"ಹೊರಗಿನ ರೂಮಲ್ಲಿ ಆ ಕರಿಯ ಕುಂಟ್ತಾ ಇದಾನೆ. ಕೇಳಿಸ್ತಾ?"

"ನನಗೇನೂ ಕೇಳಿಸ್ತಿಲ್ಲಪ್ಪ. ಎಲ್ಲಾ ಒಂದೇ ಗಲಾಟೆ."

ಅವನು ಎದ್ದುಹೋಗಿ ಕಪ್ಪು ಗಡಿಯಾರದ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟಿನ ತುಂಡು ತೂರಿಸಿದ. ಗಡಿಯಾರ ಒಂಚೂರು ವಾಲಿದ್ದರೂ ಟಿಕ್ ಟಿಕ್ ನಡುವಿನ ಅಂತರ ಏರುಪೇರಾಗಿ ಕುಂಟುತ್ತದಂತೆ. ಈಗ ಹತ್ತಿರ ಕಿವಿಯಿಟ್ಟು ಕೇಳಿದೆ, ಸಮವಾಗಿತ್ತು. ಗೋಡೆಯಾಚೆಯಿಂದ, ಅಷ್ಟು ಗಡಿಯಾರಗಳ ನಡುವಿನಿಂದ ಅವನು ಅದನ್ನು ಹಿಡಿದಿದ್ದ. ಅಂಥ ಕಿವಿ ಅದು. ಅದೇ ಈಗ ಹೋಗುವುದರಲ್ಲಿತ್ತು.

"ಜೀವ ಉಳಿಯತ್ತಲ್ಲ ಅಣ್ಣ" ಎಂದೆ, ಬೇರೆ ಏನೂ ತೋಚದೆ.

"ಉಳಿಯತ್ತೆ, ಉಳಿಯತ್ತೆ" ಎಂದ. ಆಮೇಲೆ, "ಅಪ್ಪನ ಗಡಿಯಾರ ಹೊಡೆಯೋದನ್ನ ಒಂದ್ಸಲ ಕೇಳ್ಬೇಕು ಕಣೇ. ಒಂದೇ ಸಲ. ಅದನ್ನ ಕೇಳ್ಕೊಂಡು ಹೋಗಿ ಮಲಗಿಬಿಡ್ತೀನಿ" ಎಂದ.

"ಪುಟ್ಟನಿಗೆ ಫೋನ್ ಮಾಡು."

"ನಾನು ಮಾಡಲ್ಲ. ಯಂತ್ರ ತರಿಸ್ಕೊಡು ನೀನು. ಪೆಟ್ಟಿಗೆ ನಾನು ಖಾಲಿ ಮಾಡಿ ಇಟ್ಟಿರ್ತೀನಿ."

ನೋಡಿ, ಇದಕ್ಕೇ ನನಗೆ ಮೈ ಉರಿಯುವುದು. ಕಿವಿ ಹೋಗುವ ಹೊತ್ತಿನಲ್ಲೂ ಬಿಗುಮಾನ. ಬಾಗಿಲವರೆಗೆ ಬಂದ ಅತ್ತಿಗೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಬೇಗ ತರಿಸು. ಆಪರೇಷನ್ ತನಕ ಕಿವಿ ಇದ್ದೇ ಇರತ್ತೆ ಅಂತ ಹೇಳೋಕಾಗಲ್ವಂತೆ. ಇದ್ದಕ್ಕಿದ್ದ ಹಾಗೆ ಒಂದಿನ ಹೋದ್ರೂ ಹೋಯ್ತಂತೆ."

ಅಲ್ಲಿಂದ ನೇರವಾಗಿ ಪುಟ್ಟನ ಮನೆಗೆ ಕಾರು ತಿರುಗಿಸಿದೆ. ಅವನು ಕಿಟಕಿ ಪಕ್ಕದ ಮೇಜಿನಲ್ಲಿ ಯಾವುದೋ ಹಲ್ಲುಚಕ್ರಕ್ಕೆ ಬ್ರಷ್ಷು ತಿಕ್ಕುತ್ತಿದ್ದ. ಎಲ್ಲ ಹೇಳಿದೆ. ಬ್ರಷ್ಷು ನಿಂತಿತು, ತಲೆ ಏಳಲಿಲ್ಲ.

"ಅವನೇ ಕೇಳ್ಲಿ" ಎಂದ ಕೊನೆಗೆ.

ನನಗೆ ತಡೆಯಲಾಗಲಿಲ್ಲ. "ಏನಂದೆ? ಇನ್ನೊಂದ್ಸಲ ಅನ್ನು! ಅವನ ಕಿವಿ ಹೋಗ್ತಿದೆ ಕಣೋ, ನಿನಗೆ ಅವನ ಬಾಯಲ್ಲಿ ಬೇಡಿಸ್ಕೋಬೇಕಾ? ನಾಚಿಕೆ ಆಗಲ್ವಾ ನಿನಗೆ?" ಎಂದು ಉಗಿದೆ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ನೋಡಲಿ.

ಪುಟ್ಟ ಎದ್ದುಹೋಗಿ ಮೂಲೆಯಿಂದ ಆ ಗಡಿಯಾರ ತಂದು ನನ್ನ ಮುಂದಿಟ್ಟ. ಬಾಗಿಲು ತೆರೆದು ಸುತ್ತಿಗೆ ತೋರಿಸಿದ. ಮೂತಿಗೆ ಹೊಸ ಚರ್ಮ, ತಿಳಿ ಕಂದು, ನೀಟಾಗಿ ಕತ್ತರಿಸಿದ್ದು.

"ಅಪ್ಪ ಹಾಕಿದ್ದ ಅಟ್ಟೆ ತೆಗೆದುಬಿಟ್ಟೆ ಅಕ್ಕ. ಕಂಪನಿಯವರು ಹಾಕ್ತಿದ್ದಿದ್ದು ಇಂಥ ಮೆತ್ತನೆ ಚರ್ಮ. ಸರಿಯಾಗಿರ್ಲಿ ಅಂತ..."

"ಸರಿಯಾಗಿರ್ಲಿ ಅಂತ!"

"ಇದನ್ನ ತಗೊಂಡ್ ಹೋದ್ರೆ ಮೊದಲ್ನೇ ಏಟಿಗೇ ಗೊತ್ತಾಗತ್ತೆ ಅವನಿಗೆ. ಆ ಚೂರು ಎಸೆದಿಲ್ಲ, ನಾನು ಏನನ್ನೂ ಎಸೆಯಲ್ಲ. ಹುಡುಕ್ತೀನಿ."

ಅವನ ಮನೆಯಲ್ಲಿ ಡಬ್ಬಿಗಳು ಎಷ್ಟಿವೆ ಎಂದರೆ, ಬಿಸ್ಕತ್ತಿನ ಡಬ್ಬಿ, ಬೂಟ್ ಪಾಲಿಶ್ ಡಬ್ಬಿ, ಮಾತ್ರೆಯ ಡಬ್ಬಿ, ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದಾನೆ. ಒಂದರ ಮೇಲೂ ಏನಿದೆ ಎಂದು ಬರೆದಿಲ್ಲ.

"ಇದನ್ನೇ ತಗೊಂಡು ನಡಿ, ಈಗ್ಲೇ" ಎಂದೆ.

"ಬೇರೆ ಯಾವುದೋ ಸದ್ದು ಕೇಳಿಸಿ ಕಳಿಸ್ಲಾ ಅವನನ್ನ?" ಎಂದ ಪುಟ್ಟ. ನಾನು ಕಾರಿನ ಕೀ ಎತ್ತಿಕೊಂಡು ಹೊರಟುಬಿಟ್ಟೆ. ಹೊರಡಬಾರದಿತ್ತು.

ಮಾರನೆಯ ದಿನ ಪಾಠದ ನಡುವೆ ಫೋನ್ ಮಾಡಿದೆ. ಹುಡುಕುತ್ತಿದ್ದ. ಮತ್ತೆ ಮಾಡಿದೆ. ಸಿಕ್ಕಿತ್ತು, ಲಿಫ್ಟಿನ ಸುಟ್ಟ ಫ್ಯೂಸುಗಳ ಡಬ್ಬಿಯೊಳಗೆ, ಕಲ್ಲಿನಂತೆ ಗಟ್ಟಿಯಾಗಿ. "ಸರಿ, ಬಾ ಹಾಗಾದ್ರೆ" ಎಂದರೆ, ಅಂಟು ಒಣಗಬೇಕಂತೆ. ಅಂಟು ಒಣಗಿತಾ ಎಂದರೆ, ಯಂತ್ರದ ಎಣ್ಣೆ ಕಪ್ಪಗಾಗಿದೆಯಂತೆ, ಹೀಗೇ ಕೊಟ್ಟರೆ ಅಣ್ಣ ಏನೆಂದುಕೊಂಡಾನು, ಬಿಚ್ಚಿ ತೊಳೆಯುತ್ತಿದ್ದಾನಂತೆ. ಬಿಚ್ಚಿದ ಮೇಲೆ ಹಲ್ಲುಚಕ್ರದ ಅಚ್ಚು ಕೂರುವ ಎರಡು ತೂತು ಸವೆದು ಅಗಲವಾಗಿದ್ದು ಕಾಣಿಸಿತಂತೆ. ಅವಕ್ಕೆ ಹಿತ್ತಾಳೆಯ ಬಳೆ ಕೂರಿಸಬೇಕಂತೆ.

"ಲೋ, ಅವನಿಗೆ ಬೇಕಾಗಿರೋದು ಸದ್ದು ಕಣೋ, ಸಾಬೂನು ಹಾಕಿ ಸ್ನಾನ ಮಾಡಿಸ್ಕೊಂಡು ಬಂದ ಯಂತ್ರ ಅಲ್ಲ!"

"ನಿನಗೆ ಗೊತ್ತಾಗಲ್ಲ ಅಕ್ಕ. ಅವನು ಭೂತಗನ್ನಡಿ ಹಿಡ್ಕೊಂಡು ನೋಡ್ತಾನೆ. ನಮ್ಮಪ್ಪನ ಯಂತ್ರ ಹಾಳು ಮಾಡಿದೀಯ ಅನ್ಬಾರ್ದು ನನಗೆ. ಇನ್ನೊಂದಿನ ಕೊಡು."

ಇನ್ನೊಂದಿನ, ಇನ್ನೊಂದಿನ. ಕಾರಿನಲ್ಲಿ ಕಲಿಯಲು ಕೂತಿದ್ದ ಹೆಂಗಸು ನನ್ನ ಕೂಗಿಗೆ ಬೆದರಿ ಗಾಡಿಯನ್ನು ಪಾದಚಾರಿ ಕಟ್ಟೆಗೆ ಹತ್ತಿಸಿದಳು.

ಆ ನಡುವೆ ಒಂದು ಮಧ್ಯಾಹ್ನ ಅಣ್ಣನನ್ನು ನೋಡಲು ಹೋದೆ. ಒಳಗೆ ಕಾಲಿಟ್ಟಾಗ ಏನೋ ತಪ್ಪಿದೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ಮನೆಯಲ್ಲಿ ಸದ್ದೇ ಇರಲಿಲ್ಲ. ಅಷ್ಟೂ ಗಡಿಯಾರ ನಿಂತಿದ್ದವು. ಅವುಗಳ ಪೆಂಡುಲಮ್ಮುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ಅಪ್ಪನ ಪೆಟ್ಟಿಗೆ ಒಳಗೇನೂ ಇಲ್ಲದೆ ಮೇಜಿನ ಮೇಲೆ ಬಾಯಿ ತೆರೆದು ಕೂತಿತ್ತು.

"ಯಾಕೋ ನಿಲ್ಲಿಸಿದೀಯ ಎಲ್ಲಾನೂ?"

"ಆಸ್ಪತ್ರೆಯಲ್ಲಿರೋವಾಗ ಇವಕ್ಕೆ ಕೀ ಕೊಡೋರು ಯಾರು? ನಿನ್ನ ಅತ್ತಿಗೆನಾ? ಒಂದಕ್ಕೆ ಕೊಟ್ಟು ಇನ್ನೊಂದರ ಸ್ಪ್ರಿಂಗ್ ಮುರೀತಾಳೆ" ಎಂದು ನಕ್ಕ. ಆಮೇಲೆ ಮಾತಾಡಿದ, ಮಾತಾಡಿದ, ಮಾತಾಡುತ್ತಲೇ ಹೋದ. ಅಪ್ಪ ಹಲಗೆ ಜೋಡಿಸಿದ್ದು, ಹಕ್ಕಿಯ ಬಾಲ ಉದುರಿದ್ದು, ನಾನು ಚಿಕ್ಕವಳಿದ್ದಾಗ ಕುರ್ಚಿ ಹತ್ತಿ ಕೀ ಕೊಡುತ್ತಿದ್ದದ್ದು. ನಮ್ಮಣ್ಣ ಇಷ್ಟು ಮಾತಾಡುವವನೇ ಅಲ್ಲ. ಆಪರೇಷನ್ನಿನ ಹೆದರಿಕೆ, ಪಾಪ, ಅಂದುಕೊಂಡೆ. ನಾನು ಬಾಯಿ ತೆರೆದಾಗಲೆಲ್ಲ ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಹಲ್ಲಿಗೆ ಏನೋ ಅಂಟಿಕೊಂಡಿದೆ ಎಂದು ನಾನು ಎರಡು ಸಲ ಬಾಯಿ ಒರೆಸಿಕೊಂಡೆ. ಫೋನ್ ಬಂದರೆ ಅತ್ತಿಗೆಯ ಕೈಗೆ ಕೊಟ್ಟ. ನನ್ನ ಮಾತಿಗೆ ಮಾತ್ರ ಸರಿಯಾಗಿಯೇ ಉತ್ತರ ಕೊಟ್ಟ. ಕಿರುಚುವವಳು, ಬಾಯಿ ಇಷ್ಟಗಲ ತೆರೆದು ಮಾತಾಡುವವಳು ನಾನು. ಯಾರಿಗೆ ತಾನೇ ತಿಳಿಯುವುದಿಲ್ಲ?

"ಯಂತ್ರ ಯಾವಾಗ?" ಎಂದು ಹೊರಡುವಾಗ ಕೇಳಿದ.

"ನಾಳಿದ್ದು. ಪುಟ್ಟನೇ ತರ್ತಾನಂತೆ."

ಅಣ್ಣನ ಮುಖ ಅರಳಿದ್ದನ್ನು ನೋಡಿ ನನಗೇ ಆಶ್ಚರ್ಯವಾಯಿತು. "ಅವನೇ ಬರ್ತಾನಾ?" ಎಂದು ಎರಡು ಸಲ ಕೇಳಿದ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಪುಟ್ಟನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಯಂತ್ರವನ್ನು ಹಳೆಯ ಅಂಗಿಯಲ್ಲಿ ಸುತ್ತಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡಿದ್ದ. ಗಡ್ಡ ಬಾಚಿಕೊಂಡಿದ್ದ. ಅಂಗಿಯ ಸಂದಿಯಿಂದ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು.

"ಒಳಗೆ ಹೋದ ತಕ್ಷಣ ಏನು ಹೇಳ್ಲಿ ಅಕ್ಕ?"

"ತಪ್ಪಾಯ್ತು ಅನ್ನು. ಅಷ್ಟು ಅಂದ್ರೆ ನಿನ್ನ ಹಲ್ಲೇನೂ ಉದುರಲ್ಲ."

"ಅಂತೀನಿ. ಅನ್ಬೇಕು ಅಂತಾನೇ ಬಂದಿರೋದು."

ನನ್ನದು ಪಾಠದ ಕಾರು, ಪಕ್ಕದ ಸೀಟಿನಲ್ಲೂ ಬ್ರೇಕ್ ಇದೆ. ಅಣ್ಣನ ಬೀದಿಗೆ ತಿರುಗಿದ್ದೇ ತಡ ಕಾರು ಗಕ್ಕನೆ ನಿಂತಿತು. ನೋಡಿದರೆ ಪುಟ್ಟನ ಕಾಲು ಬ್ರೇಕಿನ ಮೇಲೆ. ಒತ್ತಿದ್ದು ಅವನಿಗೇ ಗೊತ್ತಿರಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಬಾರಿಸಿ ಬಾಯಿಗೆ ಬಂದದ್ದು ಬೈದ. "ಕಾಲು ತೆಗಿಯೋ ಮಾರಾಯ" ಎಂದೆ. ಅವನನ್ನು ಆವತ್ತು ಬೈಯಲು ಮನಸ್ಸಾಗಲಿಲ್ಲ.

ಅಣ್ಣ ಬಾಗಿಲಲ್ಲೇ ನಿಂತಿದ್ದ. ಪುಟ್ಟ ಮೆಟ್ಟಿಲ ಮೇಲೆ ತಡೆದು ನಿಂತು ಬಾಯಿ ತೆರೆದ. ಅಣ್ಣ ಕೈ ಎತ್ತಿಬಿಟ್ಟ.

"ಏನೂ ಹೇಳ್ಬೇಡ. ಬಾ, ಬಾ. ಮಾತೆಲ್ಲ ಆಮೇಲೆ. ಮೊದ್ಲು ಅದನ್ನ ಕೂರಿಸು."

ದೊಡ್ಡ ಮನಸ್ಸು ಎಂದುಕೊಂಡೆ. ಪುಟ್ಟನೂ ಹಾಗೇ ಅಂದುಕೊಂಡಿರಬೇಕು, ಅವನ ಕಣ್ಣು ಒದ್ದೆಯಾಯಿತು. ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಕೆಲಸಕ್ಕೆ ಕೂತ.

ಅಣ್ಣ ಮೇಜಿನೆದುರು ಕುರ್ಚಿ ಎಳೆದುಕೊಂಡು ಮಂಡಿಯ ಮೇಲೆ ಕೈಯೂರಿ ಕೂತ. ಅತ್ತಿಗೆ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಪುಟ್ಟ ಯಂತ್ರವನ್ನು ಪೆಟ್ಟಿಗೆಯೊಳಗೆ ಇಳಿಸಿ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದ. ಹಳೆಯ ತೂತುಗಳಿಗೆ ಸ್ಕ್ರೂಗಳು ತಾವಾಗಿ ಹೋಗಿ ಕೂತವು. ಡಯಲ್ಲು ಆಮೇಲೆ ಎಂದು ಮುಳ್ಳುಗಳನ್ನಷ್ಟೇ ಸಿಕ್ಕಿಸಿ ಪೆಂಡುಲಮ್ ತೂಗಿಬಿಟ್ಟ. ಕಿವಿಯಿಟ್ಟು ಕೇಳಿ, ಪೆಟ್ಟಿಗೆಯ ಎಡಗಾಲಿನ ಕೆಳಗೆ ಕಾಗದ ಮಡಿಸಿ ತೂರಿಸಿದ. ಟಿಕ್‌ಟಿಕ್ ಸಮವಾಯಿತು.

"ಅಕ್ಕ, ಚಾವಿ."

ನನ್ನ ಕೀಲಿಗೊಂಚಲಿನಿಂದ ಅಪ್ಪನ ಚಾವಿ ಬಿಡಿಸಿ ನಾನೇ ಎರಡೂ ಕಡೆ ಕೀ ಕೊಟ್ಟೆ. ಸ್ಪ್ರಿಂಗು ಕೈಯೊಳಗೆ ಗಟ್ಟಿಯಾಗುತ್ತಾ ಬಂದಾಗ ಕುರ್ಚಿ ಹತ್ತಿ ನಿಲ್ಲುತ್ತಿದ್ದ ದಿನ ನೆನಪಾಗಿ ಅಳು ನುಗ್ಗಿಬಂತು. ನುಂಗಿಕೊಂಡೆ. ಪುಟ್ಟ ದೊಡ್ಡ ಮುಳ್ಳನ್ನು ಬೆರಳಿನಿಂದ ಮೇಲಕ್ಕೆ ತಂದ. ನಾಲ್ಕು ಗಂಟೆ ಹೊಡೆಯಬೇಕು.

ಒಳಗೆ ಕಟಕ್ ಎಂದಿತು. ಹೊಡೆತದ ವೇಗ ಹಿಡಿದಿಡುವ ಗಾಳಿರೆಕ್ಕೆ ಸರ್ರನೆ ತಿರುಗಿತು. ಸುತ್ತಿಗೆ ಎದ್ದಿತು, ಬಿತ್ತು.

ಸದ್ದಿಲ್ಲ.

ಸುತ್ತಿಗೆ ಸುರುಳಿಯ ಹತ್ತಿರದವರೆಗೂ ಬಂದು ಗಾಳಿಯಲ್ಲೇ ನಿಂತಿತ್ತು. ಇಷ್ಟು ವರ್ಷ ಬೇರೆ ಪೆಟ್ಟಿಗೆಯಲ್ಲಿದ್ದದ್ದು, ಅದರ ತಂತಿ ಆ ಪೆಟ್ಟಿಗೆಯ ಅಳತೆಗೆ ಬಾಗಿತ್ತು. ಇಲ್ಲಿಗೆ ಒಂದು ಎಳೆಯಷ್ಟು ಸಾಲದು. ಇದೇನೂ ದೊಡ್ಡ ವಿಷಯವಲ್ಲ; ಬೆರಳಲ್ಲಿ ಒಂದು ಚೂರು ಬಗ್ಗಿಸಿದರೆ ಆಯಿತು. ಪುಟ್ಟ "ಛೆ" ಎಂದು ಕೈ ಒಳಗೆ ಹಾಕಿದ.

"ಮುಟ್ಬೇಡ!" ಎಂದ ಅಣ್ಣ. "ಎಣಿಸ್ತಿದೀನಿ."

ಅವನು ತೋರುಬೆರಳು ಎತ್ತಿದ್ದ. ಸುತ್ತಿಗೆ ಮತ್ತೆ ಎದ್ದು ಬಿತ್ತು, ಬೆರಳು ಒಂದು ಸಲ ಆಡಿತು. ಮತ್ತೆ ಬಿತ್ತು, ಮತ್ತೆ ಆಡಿತು. ಮನೆಯಲ್ಲಿ ಸುತ್ತಿಗೆಯ ತಂತಿಯ ಸಣ್ಣ ಕಿರುಗುಟ್ಟು ಬಿಟ್ಟರೆ ಇನ್ನೇನೂ ಇರಲಿಲ್ಲ. ನಾಲ್ಕನೆಯದೂ ಮುಗಿಯಿತು. ಅಣ್ಣ ಕಣ್ಣು ಮುಚ್ಚಿಕೊಂಡ, ರೆಪ್ಪೆಯ ಕೆಳಗಿಂದ ನೀರಿಳಿಯಿತು.

"ಅದೇ" ಎಂದ. "ಅದೇ ಸದ್ದು. ಕೊನೇಲಿ ಆ ಕರಕರ, ಕೇಳಿಸ್ತೇನೇ? ಅಪ್ಪ ಒಳಗಿಂದ ಗಂಟಲು ಸರಿಮಾಡ್ಕೊಂಡ ಹಾಗೆ."

ಅಡುಗೆಮನೆಯಿಂದ ಅತ್ತಿಗೆ ಕೂಗಿದಳು: "ಏನಾಯ್ತು? ಹೊಡೀಲೇ ಇಲ್ವಾ?"

ಅಣ್ಣ ಆ ಕಡೆ ತಿರುಗಲಿಲ್ಲ.

ನಿಂತ ಗಡಿಯಾರಗಳು, ಬಟ್ಟೆಯ ಮೇಲಿನ ಪೆಂಡುಲಮ್ಮುಗಳು, ನನ್ನ ತುಟಿಯ ಮೇಲಿದ್ದ ಅವನ ಕಣ್ಣು, ಕೈ ಬದಲಾಯಿಸಿದ ಫೋನು, ಎಲ್ಲ ಒಟ್ಟಿಗೆ ಬಂದು ಬಡಿದವು. ಗೋಡೆಯಾಚೆಯ ಕುಂಟನ್ನು ಹಿಡಿದ ಕಿವಿ ಆಗಲೇ ಹೋಗಿತ್ತು. ಪುಟ್ಟ ಅಂಟು ಒಣಗಿಸುತ್ತಿದ್ದಾಗಲೋ, ಎಣ್ಣೆ ತೊಳೆಯುತ್ತಿದ್ದಾಗಲೋ, ಯಾವಾಗಲೋ. ಅಣ್ಣ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಹೇಳಿದ್ದರೆ ಪುಟ್ಟ ಬರುವುದಕ್ಕೆ ನೆಪವೇ ಇರುತ್ತಿರಲಿಲ್ಲವಲ್ಲ.

ಪುಟ್ಟನಿಗೂ ಗೊತ್ತಾಗಿತ್ತು. ಅವನು ನಮ್ಮ ಕಡೆ ಬೆನ್ನು ಮಾಡಿ, ಪೆಟ್ಟಿಗೆಯೊಳಗೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದ. ಕಿವಿಯ ಹಿಂದೆ ಕುತ್ತಿಗೆ ಕೆಂಪಾಗಿತ್ತು.

"ಅಣ್ಣಾ, ತಪ್ಪಾಯ್ತು" ಎಂದ. ಗಟ್ಟಿಯಾಗಿಯೇ ಎಂದ, ಪೆಟ್ಟಿಗೆಯೊಳಗಿನ ಆ ಅಚ್ಚಿನ ಕಾಗದಕ್ಕೆ ಹೇಳುವವನಂತೆ. "ಅಷ್ಟು ಜನರ ಮುಂದೆ ಹಾಗೆ ಅನ್ಬಾರ್ದಿತ್ತು. ತಪ್ಪಾಯ್ತಣ್ಣ. ತಡ ಮಾಡ್ಬಿಟ್ಟೆ."

ಅಣ್ಣ ಕುರ್ಚಿಯಲ್ಲಿ ಒಂದು ಬದಿಗೆ ವಾಲಿ, ಅವನ ಭುಜದಾಚೆ ಇಣುಕಿದ.

"ಸ್ವಲ್ಪ ಪಕ್ಕಕ್ಕೆ ಬಾರೋ. ಇನ್ನೊಂದ್ಸಲ ಹೊಡೆಸು" ಎಂದ. "ಕಾಣಿಸ್ತಿಲ್ಲ ನನಗೆ."

ನಾನು ಹಿಂದೆ ಸರಿದು ಗೋಡೆಗೆ ಒರಗಿದೆ.

ಪುಟ್ಟ ಸುತ್ತಿಗೆಯ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದ. ಮುಳ್ಳನ್ನು ಮತ್ತೆ ಸುತ್ತು ಹಾಕಿಸಿದ. ಅರ್ಧ ಗಂಟೆಗೆ ಬಂದಾಗ ಒಂದೇ ಒಂದು ಏಟು ಬಿತ್ತು, ಢಂ, ಹಿಂದೆಯೇ ಕರಕರ. ಅಪ್ಪನೇ. ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಆ ಹಾಳು ಅಟ್ಟೆಯ ಚೂರನ್ನು ಹುಡುಕಿ, ಅಂಟಿಸಿ, ಒಣಗಿಸಿ, ಪುಟ್ಟ ಅಪ್ಪನ ಸದ್ದನ್ನು ಇದ್ದ ಹಾಗೇ ತಂದು ಕೂರಿಸಿದ್ದ.

ಮುಳ್ಳು ಮೇಲಕ್ಕೆ ಬಂತು. ಐದು ಹೊಡೆಯಲು ಶುರುವಾಯಿತು. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದು ಬಾಗಿಲಲ್ಲಿ ನಿಂತಳು. "ಅಯ್ಯೋ, ಮಾವನ ಅಂಗಡಿ ಗಡಿಯಾರ" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಗೋಡೆಗೆ ಒರಗಿ ಅಳುತ್ತಿದ್ದೆ. ಸದ್ದು ಆ ಮನೆಯ ಗೋಡೆ, ಗಾಜು, ನಿಂತ ಗಡಿಯಾರಗಳ ಹೊಟ್ಟೆ ಎಲ್ಲವನ್ನೂ ತುಂಬಿತು. ಅಣ್ಣನ ಕಣ್ಣು ಸುತ್ತಿಗೆಯ ಮೇಲೆ. ಬೆರಳು ಆಡುತ್ತಿತ್ತು, ಮೊದಲಿನ ಹಾಗೇ. ಮುಖವೂ ಮೊದಲಿನ ಹಾಗೇ.

ಐದನೆಯದು ಮುಗಿದ ಮೇಲೆ ಅವನು ಬೆರಳು ಇಳಿಸಿದ. ಭೂತಗನ್ನಡಿ ಕೇಳಲಿಲ್ಲ, ಯಂತ್ರವನ್ನು ಪರೀಕ್ಷಿಸಲಿಲ್ಲ.

"ಎರಡು ಸಲಾನೂ ಒಂದೇ ಥರ ಹೊಡೀತು" ಎಂದ. "ಒಂಚೂರೂ ಹೆಚ್ಚುಕಮ್ಮಿ ಇಲ್ಲ. ಚೆನ್ನಾಗಿ ಮಾಡಿದೀಯ ಕಣೋ ಪುಟ್ಟ."

ಪುಟ್ಟ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ತಿರುಗಿ ಬಂದು ಅಣ್ಣನ ಕುರ್ಚಿಯ ಮುಂದೆ ಮಂಡಿಯೂರಿ ಕೂತ, ತನ್ನ ಬಾಯಿ ಅವನಿಗೆ ಸರಿಯಾಗಿ ಕಾಣುವ ಹಾಗೆ.

"ಹೂಂ ಅಣ್ಣ" ಎಂದ.